ವರದಿಗಾರ ವರದಿಗಾರ್ತಿಯಾದಾಗ: ‘ದ ಫ್ರಂಟ್ ಪೇಜ್’ ನಾಟಕವು ‘ಹಿಸ್ ಗರ್ಲ್ ಫ್ರೈಡೇ’ ಆದ ಬಗೆ

ಪ್ರಶ್ನೆ: ನಮ್ಮದೊಂದು ಹವ್ಯಾಸಿ ರಂಗತಂಡ. 1940ರ ಹಾಲಿವುಡ್ ಚಿತ್ರ ‘ಹಿಸ್ ಗರ್ಲ್ ಫ್ರೈಡೇ’ಯನ್ನು ಇತ್ತೀಚೆಗೆ ಎಲ್ಲರೂ ಕೂಡಿ ನೋಡಿದೆವು. ಅದಕ್ಕೆ ಮೂಲವಾದ ನಾಟಕದಲ್ಲಿ ಹಿಲ್ಡಿ ಜಾನ್ಸನ್ ಗಂಡು ಪಾತ್ರವೆಂದು ತಿಳಿದು ಆಶ್ಚರ್ಯವಾಯಿತು. ಹಾಗಿದ್ದರೆ ಅದರಲ್ಲಿನ ಪ್ರೇಮಕಥೆ ಪೂರ್ತಿಯಾಗಿ ಸಿನಿಮಾದವರ ಸೇರ್ಪಡೆಯೇ? ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವ ಆ ವೇಗ ರಂಗಭೂಮಿಯಿಂದ ಬಂದದ್ದೇ? ಕನ್ನಡದಲ್ಲಿ ಆಡಬೇಕೆಂದರೆ ಯಾವ ಪಠ್ಯವನ್ನು ಹಿಡಿಯಬೇಕು?

ಉತ್ತರ: ಮೊದಲ ಪ್ರಶ್ನೆಯಿಂದಲೇ ತೊಡಗುತ್ತೇನೆ. ಪ್ರೇಮಕಥೆಯನ್ನು ಸಿನಿಮಾದವರು ಹೊರಗಿನಿಂದ ತಂದು ಹೊಲಿದಿಲ್ಲ. ಅದು 1928ರ ನಾಟಕದಲ್ಲಿಯೇ ಇತ್ತು. ಒಬ್ಬ ಸಂಪಾದಕ ಮತ್ತು ಅವನ ಅತ್ಯುತ್ತಮ ವರದಿಗಾರ, ಹೀಗೆ ಇಬ್ಬರು ಗಂಡಸರ ನಡುವೆ ಇದ್ದುದರಿಂದ ಅದಕ್ಕೆ ಆ ಹೆಸರು ಬಿದ್ದಿರಲಿಲ್ಲ, ಅಷ್ಟೇ. ನಿರ್ದೇಶಕ ಹೊವರ್ಡ್ ಹಾಕ್ಸ್ ಮತ್ತು ಚಿತ್ರಕಥೆ ಬರೆದ ಚಾರ್ಲ್ಸ್ ಲೆಡರರ್ ಆ ವರದಿಗಾರನನ್ನು ಹೆಣ್ಣಾಗಿಸಿ, ಸಂಪಾದಕನ ವಿಚ್ಛೇದಿತ ಪತ್ನಿಯನ್ನಾಗಿಸಿ, ನಾಟಕವು ಒಳಗೊಳಗೇ ಹೇಳುತ್ತಿದ್ದುದನ್ನು ಬಾಯಿಬಿಟ್ಟು ಹೇಳಿಸಿದರು. ಈ ಮಾತು ನಿಮಗೆ ಒಪ್ಪಿಗೆಯಾಗಬೇಕಾದರೆ ಮೂಲ ನಾಟಕದ ಕಟ್ಟನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

‘ದ ಫ್ರಂಟ್ ಪೇಜ್’ ಬರೆದ ಬೆನ್ ಹೆಕ್ಟ್ ಮತ್ತು ಚಾರ್ಲ್ಸ್ ಮ್ಯಾಕ್‌ಆರ್ಥರ್ ಇಬ್ಬರೂ ಷಿಕಾಗೋ ಪತ್ರಿಕೆಗಳಲ್ಲಿ ವರದಿಗಾರರಾಗಿ ದುಡಿದವರು. ಜಾರ್ಜ್ ಎಸ್. ಕಾಫ್‌ಮನ್ ನಿರ್ದೇಶನದಲ್ಲಿ ಈ ನಾಟಕ 1928ರ ಆಗಸ್ಟ್ 14ರಂದು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಥಿಯೇಟರಿನಲ್ಲಿ ರಂಗಕ್ಕೆ ಬಂದು 276 ಪ್ರದರ್ಶನಗಳನ್ನು ಕಂಡಿತು. ಮೂರು ಅಂಕಗಳಿಗೂ ಒಂದೇ ರಂಗಸಜ್ಜಿಕೆ: ಷಿಕಾಗೋದ ಕ್ರಿಮಿನಲ್ ಕೋರ್ಟಿನ ಕಟ್ಟಡದಲ್ಲಿ ಬೇರೆ ಬೇರೆ ಪತ್ರಿಕೆಗಳ ವರದಿಗಾರರು ಇಸ್ಪೀಟಾಡುತ್ತ, ಫೋನುಗಳ ಮುಂದೆ ಕಾಲ ಕಳೆಯುವ ಪತ್ರಿಕಾ ಕೊಠಡಿ. ಬೆಳಗಾದರೆ ಅರ್ಲ್ ವಿಲಿಯಮ್ಸ್ ಎಂಬ ಕೈದಿಗೆ ಗಲ್ಲು. ಕಿಟಕಿಯ ಹೊರಗೆ ಗಲ್ಲುಗಂಬವನ್ನು ಪರೀಕ್ಷಿಸುವ ಸದ್ದು ಕೇಳುತ್ತಿರುತ್ತದೆ. ಚುನಾವಣೆ ಹತ್ತಿರವಿರುವುದರಿಂದ ಮೇಯರನಿಗೂ ಶೆರೀಫನಿಗೂ ಆ ಗಲ್ಲು ಅಗತ್ಯವಾಗಿದೆ. ಹಿಲ್ಡಿ ಜಾನ್ಸನ್ ಅಲ್ಲಿಗೆ ಬರುವುದು ಗೆಳೆಯರಿಗೆ ವಿದಾಯ ಹೇಳುವುದಕ್ಕೆ. ಅವನು ಪೆಗ್ಗಿ ಎಂಬ ಹುಡುಗಿಯನ್ನು ಮದುವೆಯಾಗಿ, ನ್ಯೂಯಾರ್ಕಿಗೆ ಹೋಗಿ, ಜಾಹೀರಾತಿನ ಕೆಲಸಕ್ಕೆ ಸೇರಲಿದ್ದಾನೆ. ಅಷ್ಟರಲ್ಲಿ ಕೈದಿ ತಪ್ಪಿಸಿಕೊಂಡು, ಕೊನೆಗೆ ಅದೇ ಕೊಠಡಿಯ ಒಂದು ಮುಚ್ಚಳದ ಮೇಜಿನೊಳಗೆ ಅಡಗಬೇಕಾಗಿ ಬರುತ್ತದೆ.

ಇಲ್ಲಿ ಲೇಖಕರ ರಂಗಪ್ರಜ್ಞೆಯನ್ನು ಗಮನಿಸಿ. ಸಂಪಾದಕ ವಾಲ್ಟರ್ ಬರ್ನ್ಸ್ ಎರಡನೆಯ ಅಂಕ ಮುಗಿಯುತ್ತ ಬರುವ ತನಕ ರಂಗದ ಮೇಲೆ ಕಾಣಿಸಿಕೊಳ್ಳುವುದೇ ಇಲ್ಲ. ಅಲ್ಲಿಯವರೆಗೆ ಅವನೊಂದು ಫೋನ್ ಕರೆ, ಒಂದು ಬೈಗುಳ, ಎಲ್ಲರೂ ಅಂಜುತ್ತ ಆಡುವ ಒಂದು ಹೆಸರು. ಹಿಲ್ಡಿ ತನ್ನ ಮದುವೆಯ ಸುದ್ದಿಯನ್ನು ಅವನಿಂದ ಬಚ್ಚಿಟ್ಟು ಓಡಾಡುವ ರೀತಿ, ಅವನ ಮೇಲೆ ಸಿಟ್ಟಾದಾಗ ಬಳಸುವ ಭಾಷೆ, ‘ಇನ್ನು ಅವನ ಮುಖ ನೋಡುವುದಿಲ್ಲ’ ಎಂಬ ಪಟ್ಟು, ಅವನು ಬಂದು ನಿಂತೊಡನೆ ಆ ಪಟ್ಟೆಲ್ಲ ಕರಗಿ ಇಬ್ಬರೂ ಒಂದೇ ಉಸಿರಿನಲ್ಲಿ ಕೆಲಸಕ್ಕೆ ಇಳಿಯುವುದು, ಇವೆಲ್ಲ ಪ್ರೇಮನಾಟಕದ ಚಲನೆಗಳೇ. ಮದುವೆಗೆಂದು ಕೂಡಿಟ್ಟ ಹಣವನ್ನು ಹಿಲ್ಡಿ ಸುದ್ದಿಯ ಸುಳಿವಿಗಾಗಿ ಜೈಲಿನ ನೌಕರನಿಗೆ ಕೊಟ್ಟುಬಿಡುತ್ತಾನೆ. ಅಡ್ಡ ಬಂದ ಭಾವೀ ಅತ್ತೆಯನ್ನು ವಾಲ್ಟರನ ಆಜ್ಞೆಯಂತೆ ಹೊತ್ತೊಯ್ಯಲಾಗುತ್ತದೆ. ಪೆಗ್ಗಿ ಕೊಠಡಿಯ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾಳೆ, ಹಿಲ್ಡಿಗೆ ಕೇಳಿಸುತ್ತಿಲ್ಲ. ಹುಡುಗನನ್ನು ಇಬ್ಬರು ಎರಡು ಕಡೆಗೆ ಎಳೆಯುತ್ತಿರುವ ತ್ರಿಕೋನ ಇದು. ಗೆಲ್ಲುವ ಬಲ ವಾಲ್ಟರನ ಕಡೆಗಿದೆ ಎಂಬುದು ಮೊದಲ ಅಂಕದಲ್ಲಿಯೇ ಪ್ರೇಕ್ಷಕನಿಗೆ ಅರಿವಾಗಿರುತ್ತದೆ.

1931ರಲ್ಲಿ ಲೂಯಿಸ್ ಮೈಲ್‌ಸ್ಟೋನ್ ಇದನ್ನು ಮೊದಲ ಸಲ ಚಿತ್ರವಾಗಿಸಿದಾಗ ಹಿಲ್ಡಿ ಗಂಡಸಾಗಿಯೇ ಉಳಿದ. ಬದಲಾವಣೆಯ ಬೀಜ ಬಿದ್ದದ್ದು ಹೇಗೆಂಬ ಬಗ್ಗೆ ಹಾಕ್ಸ್ ಅನೇಕ ಸಲ ಹೇಳಿದ ಒಂದು ಕಥೆಯಿದೆ. ಮನೆಯಲ್ಲಿ ಒಂದು ಸಂಜೆ ಊಟದ ಹೊತ್ತಿನಲ್ಲಿ, ಆ ಕಾಲದ ಅತ್ಯುತ್ತಮ ಸಂಭಾಷಣೆ ಯಾವುದೆಂಬ ಮಾತು ಬಂದು, ಅದನ್ನು ತೋರಿಸಲು ಹಾಕ್ಸ್ ಈ ನಾಟಕವನ್ನು ತೆಗೆದು ಒಬ್ಬ ಹೆಣ್ಣುಮಗಳ ಕೈಯಲ್ಲಿ ಹಿಲ್ಡಿಯ ಮಾತುಗಳನ್ನು ಓದಿಸಿ, ತಾನು ವಾಲ್ಟರನ ಮಾತುಗಳನ್ನು ಓದಿದನಂತೆ; ಹೆಣ್ಣಿನ ದನಿಯಲ್ಲಿ ಅವು ಇನ್ನೂ ಚೆನ್ನಾಗಿ ಕೇಳಿಸಿದವಂತೆ. ಹಾಕ್ಸ್ ಕಥೆಗಳನ್ನು ಹಿಗ್ಗಿಸಿ ಹೇಳುವ ಸ್ವಭಾವದವನು, ಆದ್ದರಿಂದ ಊಟದ ವಿವರಗಳನ್ನು ನಾನು ಹೆಚ್ಚು ನೆಚ್ಚುವುದಿಲ್ಲ. ಆದರೆ ಅದರ ತಿರುಳನ್ನು ನಂಬಲು ಕಾರಣವಿದೆ, ಮತ್ತು ಆ ಕಾರಣ ಕನ್ನಡಿಗರಾದ ನಮಗೆ ಬೇಗ ಹೊಳೆಯುವಂಥದು. ಇಂಗ್ಲಿಷಿನಲ್ಲಿ ‘ನಾನು’ ‘ನೀನು’ ಎಂದು ಎದುರುಬದುರಾಗಿ ಆಡುವ ಮಾತಿಗೆ ಲಿಂಗವಿಲ್ಲ. ನಮ್ಮಲ್ಲಿಯೂ ‘ನಾನು ಬರೆಯುತ್ತೇನೆ, ನೀನು ಬರೆಯುತ್ತೀಯ’ ಎಂದು ಹೇಳುವವರು ಗಂಡೋ ಹೆಣ್ಣೋ ಎಂಬುದು ಕ್ರಿಯಾಪದದಿಂದ ತಿಳಿಯುವುದಿಲ್ಲ; ಹಿಂದಿಯಲ್ಲಾದರೆ ‘ಲಿಖ್ತಾ’, ‘ಲಿಖ್ತೀ’ ಎಂದು ಹೆಜ್ಜೆಹೆಜ್ಜೆಗೂ ತಿದ್ದಬೇಕಾಗುತ್ತಿತ್ತು. ಇಬ್ಬರು ಮುಖಾಮುಖಿಯಾಗಿ ಜಗಳವಾಡುವ ದೃಶ್ಯಗಳೇ ಈ ನಾಟಕದ ಜೀವವಾದ್ದರಿಂದ, ಓದುವ ದನಿ ಬದಲಾದೊಡನೆ ಒಂದಕ್ಷರವನ್ನೂ ಮುಟ್ಟದೆ ಸಂಬಂಧವೇ ಬದಲಾಯಿತು. ಬರೆದವರಿಗೇ ಗೊತ್ತಿಲ್ಲದಂತೆ ಆ ಮಾತುಗಳು ಗಂಡಹೆಂಡಿರ ಮಾತುಗಳಾಗಿದ್ದವು.

ಇನ್ನು ಲೆಡರರ್ ನಿಜವಾಗಿ ಸೇರಿಸಿದ್ದೇನು? ಮುಖ್ಯವಾಗಿ ಆರಂಭವನ್ನು. ಚಿತ್ರದ ಸುಮಾರು ಮೊದಲ ಕಾಲುಭಾಗ ನಾಟಕದಲ್ಲಿ ಇಲ್ಲವೇ ಇಲ್ಲ. ಹಿಲ್ಡಿಯಾಗಿ ರೋಸಲಿಂಡ್ ರಸೆಲ್ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಯ ಕಚೇರಿಯನ್ನು ಹೊಕ್ಕು, ಸಾಲುಸಾಲು ಮೇಜುಗಳ ನಡುವೆ ಎಲ್ಲರನ್ನೂ ಮಾತಾಡಿಸುತ್ತ ವಾಲ್ಟರನ ಕೋಣೆಯತ್ತ ನಡೆಯುವಾಗ ಕ್ಯಾಮೆರಾ ಅವಳೊಂದಿಗೇ ಸಾಗುತ್ತದೆ. ವಿಚ್ಛೇದನವಾಗಿದೆ, ನಾಳೆ ಬೇರೊಬ್ಬನೊಂದಿಗೆ ಮದುವೆ, ಇಂದೇ ರೈಲಿನಲ್ಲಿ ಆಲ್ಬನಿಗೆ ಪ್ರಯಾಣ. ಇದನ್ನು ಹೇಳಲು ಅವಳು ಬಂದಿದ್ದಾಳೆ. ಒಂದು ಫೋನ್ ಕರೆಯಲ್ಲಿ ಮುಗಿಯುವ ಸುದ್ದಿಯನ್ನು ಹೇಳುವುದಕ್ಕೆ ಅವಳು ಖುದ್ದಾಗಿ ಬಂದದ್ದೇಕೆ ಎಂಬ ಪ್ರಶ್ನೆಯನ್ನು ಚಿತ್ರ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಅವಳ ಆ ನಡಿಗೆಯಲ್ಲೇ ಉತ್ತರವಿದೆ: ತವರಿಗೆ ಬಂದವರು ಹಾಗೆ ನಡೆಯುತ್ತಾರೆ. ಬಳಿಕ ಹೋಟೆಲಿನ ಊಟದ ದೃಶ್ಯ. ಕ್ಯಾರಿ ಗ್ರಾಂಟನ ವಾಲ್ಟರ್, ರಸೆಲ್, ಭಾವೀ ಗಂಡ ಬ್ರೂಸ್ ಬಾಲ್ಡ್‌ವಿನ್ ಆಗಿ ರಾಲ್ಫ್ ಬೆಲಮಿ, ಮೂವರೂ ಒಂದೇ ಮೇಜಿನ ಸುತ್ತ ಕೂತಿದ್ದಾರೆ. ಬ್ರೂಸ್ ವಿಮಾ ಏಜೆಂಟ್, ತಾಯಿಯೊಡನೆ ವಾಸ. ವಾಲ್ಟರ್ ಅವನಿಂದ ಒಂದು ಲಕ್ಷ ಡಾಲರಿನ ಪಾಲಿಸಿ ಕೊಳ್ಳುವುದಾಗಿ ಆಸೆ ತೋರಿಸಿ, ಅದಕ್ಕೆ ಬದಲಾಗಿ ಹಿಲ್ಡಿ ಕೊನೆಯದೊಂದು ವರದಿ ಬರೆದುಕೊಡಬೇಕೆಂದು ಒಪ್ಪಿಸುತ್ತಾನೆ. ಈ ಒಂದು ದೃಶ್ಯದ ಬಲದಿಂದ ನಾಟಕದ ಇಡೀ ಯಂತ್ರ ಹೊಸ ಕಾರಣಕ್ಕಾಗಿ ತಿರುಗಲು ತೊಡಗುತ್ತದೆ.

ಗ್ರಾಂಟ್ ಮತ್ತು ಬೆಲಮಿ 1937ರ ‘ದ ಆಫುಲ್ ಟ್ರೂತ್’ ಚಿತ್ರದಲ್ಲಿಯೂ ಹೀಗೆಯೇ ಎದುರಾಗಿದ್ದರು. ಅದೂ ನಾಟಕದಿಂದಲೇ ಬಂದ ಚಿತ್ರ, ಅಲ್ಲಿಯೂ ವಿಚ್ಛೇದನ ಪಡೆಯುತ್ತಿದ್ದ ದಂಪತಿಗಳು ಮತ್ತೆ ಕೂಡುತ್ತಾರೆ, ಬೆಲಮಿ ಬರಿಗೈಲಿ ಮರಳುತ್ತಾನೆ. ಇಂಥ ಕಥೆಗಳು ಆ ಕಾಲದಲ್ಲಿ ಹೆಚ್ಚಾಗಿ ಬಂದದ್ದಕ್ಕೆ ಒಂದು ಕಾರಣವಿತ್ತು. 1934ರಿಂದ ಬಿಗಿಯಾಗಿ ಜಾರಿಗೆ ಬಂದ ಹಾಲಿವುಡ್ಡಿನ ನೀತಿ ಸಂಹಿತೆ, ವಿವಾಹಬಾಹಿರ ಸಂಬಂಧವನ್ನು ಲಘುವಾಗಿ ತೋರಿಸಲು ಬಿಡುತ್ತಿರಲಿಲ್ಲ. ಒಮ್ಮೆ ಮದುವೆಯಾಗಿದ್ದವರ ನಡುವಿನ ಸಲಿಗೆ, ಹಳೆಯ ಕೋಣೆಗಳ ನೆನಪು, ಮೈಮನಗಳ ಪರಿಚಯ ಇವನ್ನೆಲ್ಲ ಹೇಳಿಯೂ ಹೇಳದಂತೆ ತೋರಿಸಲು ಅವಕಾಶವಿತ್ತು. ತತ್ತ್ವಜ್ಞಾನಿ ಸ್ಟ್ಯಾನ್ಲಿ ಕ್ಯಾವೆಲ್ 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಚಿತ್ರವನ್ನೂ ಸೇರಿಸಿ ಏಳು ಚಿತ್ರಗಳನ್ನು ‘ಮರುಮದುವೆಯ ಪ್ರಹಸನಗಳು’ ಎಂದು ಒಂದು ಗುಂಪಾಗಿ ಚರ್ಚಿಸಿದ್ದಾನೆ. ಆ ಹೆಸರು ನನಗೆ ಬಹಳ ಉಪಯುಕ್ತವೆನಿಸುತ್ತದೆ, ಏಕೆಂದರೆ ಹರೆಯದ ಮೊದಲ ಪ್ರೀತಿಗೂ ಎರಡನೆಯ ಸಲ ತಿಳಿದು ತಿಳಿದೇ ಒಪ್ಪುವ ಪ್ರೀತಿಗೂ ಇರುವ ಅಂತರವನ್ನು ಅದು ಹಿಡಿಯುತ್ತದೆ.

ಹೆಣ್ಣಾದುದರಿಂದ ಹಿಲ್ಡಿಯ ಸಂಕಟವೂ ಬೇರೆಯಾಯಿತು. ನಾಟಕದ ಹಿಲ್ಡಿ ಮದುವೆಯಾದರೆ ಪತ್ರಿಕೆಯನ್ನು ಬಿಟ್ಟು ಜಾಹೀರಾತಿಗೆ ಹೋಗುತ್ತಾನೆ. ಹೋದರೂ ಅವನೊಬ್ಬ ಸಂಬಳಗಾರನೇ. ಚಿತ್ರದ ಹಿಲ್ಡಿ ಮದುವೆಯಾದರೆ ಕೆಲಸವೆಂಬುದೇ ಮುಗಿಯುತ್ತದೆ. ಓಟವಿಲ್ಲದ, ರಾತ್ರಿ ನಿದ್ದೆಯಿರುವ ಬಾಳು ಬೇಕೆಂದು ಅವಳು ಹೇಳುವುದು ಸುಳ್ಳಲ್ಲ; ರಸೆಲ್ ಅದನ್ನು ನಿಜವಾಗಿ ಬಯಸುವವಳಂತೆಯೇ ಹೇಳುತ್ತಾಳೆ. ಆದರೆ ಅವಳು ಟೈಪ್‌ರೈಟರಿನಲ್ಲಿ ಬಿಟ್ಟುಹೋದ ಹಾಳೆಯನ್ನು ಇತರ ವರದಿಗಾರರು ಓದಿಕೊಂಡು, ಹೀಗೆ ಬರೆಯಬಲ್ಲವಳು ಬಿಟ್ಟು ಹೋಗುತ್ತಾಳೆಯೇ ಎಂದು ಮುಖಮುಖ ನೋಡಿಕೊಳ್ಳುತ್ತಾರೆ. ಆ ಕೊಠಡಿಯ ಗಂಡಸರು ಅವಳನ್ನು ಹೆಣ್ಣೆಂದು ಹೀಗಳೆಯುವುದಿಲ್ಲ, ಹೆಣ್ಣೆಂದು ರಿಯಾಯಿತಿಯನ್ನೂ ಕೊಡುವುದಿಲ್ಲ. 1940ರ ಚಿತ್ರವೊಂದರಲ್ಲಿ ಇದು ಎಷ್ಟು ಅಪರೂಪವೆಂಬುದನ್ನು ನಿಮ್ಮ ತಂಡದ ಕಲಾವಿದೆಯರಿಗೆ ಒತ್ತಿ ಹೇಳಬೇಕು. ಕೈದಿ ಪರಾರಿಯಾದಾಗ ಅವಳು ಮದುವೆಗೆಂದು ಹೊರಟ ಉಡುಪಿನಲ್ಲಿಯೇ ಬೀದಿಯಲ್ಲಿ ಓಡಿ ಜೈಲಿನ ಅಧಿಕಾರಿಯನ್ನು ನೆಲಕ್ಕೆ ಕೆಡವುತ್ತಾಳೆ. ಅದನ್ನು ನೋಡಿದ ಮೇಲೆ ಆಲ್ಬನಿಯ ರೈಲನ್ನು ಅವಳು ಹತ್ತುತ್ತಾಳೆಂದು ಯಾರೂ ನಂಬಲಾರರು.

ಹಾಕ್ಸ್ ಪತ್ರಿಕಾ ಕೊಠಡಿಯಿಂದ ಹೊರಗೆ ಹೋಗುವುದು ಕಡಿಮೆ. ಹೋದಾಗಲೆಲ್ಲ ಅದಕ್ಕೆ ಬಲವಾದ ಕಾರಣವಿರುತ್ತದೆ. ಜೈಲಿನ ಕೋಣೆಯಲ್ಲಿ ಹಿಲ್ಡಿ ಅರ್ಲ್ ವಿಲಿಯಮ್ಸನನ್ನು ಸಂದರ್ಶಿಸುವ ದೃಶ್ಯ ನಾಟಕದ ಒಂದೇ ಸಜ್ಜಿಕೆಯಲ್ಲಿ ಸಾಧ್ಯವೇ ಇರಲಿಲ್ಲ. ಅಲ್ಲಿ ಮಾತಿನ ವೇಗ ಒಮ್ಮೆಗೇ ಇಳಿಯುತ್ತದೆ. ಅವಳು ದನಿ ತಗ್ಗಿಸಿ, ಮೆತ್ತಗೆ ಪ್ರಶ್ನೆ ಕೇಳುತ್ತ, ಆ ಬಡಪಾಯಿಯ ಬಾಯಿಂದ ತನ್ನ ವರದಿಗೆ ಬೇಕಾದ ಮಾತನ್ನು ಹೊರಡಿಸುತ್ತಾಳೆ. ಅವಳಿಗೆ ಅವನ ಮೇಲೆ ಮರುಕವೂ ಇದೆ, ಅವನನ್ನು ಬಳಸಿಕೊಳ್ಳುತ್ತಲೂ ಇದ್ದಾಳೆ. ಎರಡನ್ನೂ ಒಂದೇ ಮುಖದ ಮೇಲೆ ತೋರಿಸಿದ್ದು ರಸೆಲ್‌ಳ ನಟನೆಯ ಶಿಖರವೆಂದು ನನ್ನ ಎಣಿಕೆ.

ನಾಟಕದ ಅತ್ಯಂತ ಹೆಸರಾದ ಅಂತ್ಯವನ್ನು ಚಿತ್ರದವರು ಏನು ಮಾಡಿದರೆಂಬುದು ನಿಮ್ಮಂಥ ರಂಗಕರ್ಮಿಗಳಿಗೆ ಪಾಠವಾಗುವಂತಿದೆ. ನಾಟಕದ ಕೊನೆಯಲ್ಲಿ ವಾಲ್ಟರ್ ಮನಸೋತವನಂತೆ ನಟಿಸಿ, ತನ್ನ ಗಡಿಯಾರವನ್ನು ಹಿಲ್ಡಿಗೆ ಮದುವೆಯ ಉಡುಗೊರೆಯಾಗಿ ಕೊಟ್ಟು ಕಳಿಸುತ್ತಾನೆ. ಹಿಲ್ಡಿ ಪೆಗ್ಗಿಯೊಡನೆ ಹೊರಟ ಮೇಲೆ, ಮುಂದಿನ ನಿಲ್ದಾಣದಲ್ಲಿ ಅವನನ್ನು ಹಿಡಿಯಿರಿ, ನನ್ನ ಗಡಿಯಾರ ಕದ್ದಿದ್ದಾನೆ ಎಂದು ಫೋನಿನಲ್ಲಿ ಹೇಳುತ್ತಾನೆ. ಆ ಮಾತಿನಲ್ಲಿದ್ದ ಬೈಗುಳವನ್ನು ನೀತಿ ಸಂಹಿತೆ ಒಪ್ಪುವಂತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹೊಸ ಕಥೆಯಲ್ಲಿ ಹಿಲ್ಡಿ ಹೊರಟುಹೋಗುವಂತಿರಲಿಲ್ಲ. ಲೆಡರರ್ ಆ ಗಡಿಯಾರವನ್ನು ಬಿಸಾಡಲಿಲ್ಲ. ಕಥೆಯ ನಡುವಿಗೆ ತಂದು ಬ್ರೂಸನ ತಲೆಗೆ ಕಟ್ಟಿದ. ವಾಲ್ಟರನ ಬಂಟ ಲೂಯಿ ತನ್ನ ಗಡಿಯಾರ ಕಳವಾಗಿದೆಯೆಂದು ದೂರಿ ಬ್ರೂಸನನ್ನು ಮೊದಲ ಸಲ ಠಾಣೆಗೆ ಕಳಿಸುತ್ತಾನೆ. ಹೀಗೆ ಖಾಲಿಯಾದ ಕೊನೆಯ ಜಾಗದಲ್ಲಿ ಏನು ಬಂತು ನೋಡಿ: ವಾಲ್ಟರ್ ಮತ್ತೆ ಉದಾರಿಯಂತೆ ಅವಳನ್ನು ಬ್ರೂಸನ ಬಳಿಗೆ ಕಳಿಸಲು ಹೊರಡುತ್ತಾನೆ, ಫೋನ್ ಬರುತ್ತದೆ, ಬ್ರೂಸ್ ಖೋಟಾ ನೋಟಿನ ಕಾರಣದಿಂದ ಪುನಃ ಪೊಲೀಸರ ಕೈಗೆ ಸಿಕ್ಕಿದ್ದಾನೆ, ಅದು ವಾಲ್ಟರನದೇ ಕೈವಾಡ. ಹಿಲ್ಡಿ ಅಳುತ್ತಾಳೆ. ಮೋಸ ಹೋದೆನೆಂಬ ದುಃಖದಿಂದಲ್ಲ. ಅವನು ನಿಜವಾಗಿಯೂ ತನ್ನನ್ನು ಬಿಟ್ಟುಕೊಡುತ್ತಿದ್ದಾನೆಂದು ತಿಳಿದಿದ್ದಳು, ಇಲ್ಲವೆಂದು ಗೊತ್ತಾದ ನೆಮ್ಮದಿಗೆ. ನಾಟಕದಲ್ಲಿ ನಗೆ ತರಿಸಿದ್ದ ಕುತಂತ್ರವೇ ಚಿತ್ರದಲ್ಲಿ ಪ್ರೇಮನಿವೇದನೆಯಾಯಿತು.

ಆದರೂ ಈ ಸುಖಾಂತ್ಯ ನನಗೆ ಪೂರ್ತಿ ಸುಖ ಕೊಡುವುದಿಲ್ಲ. ನಯಾಗರಾ ಜಲಪಾತಕ್ಕೆ ಮಧುಚಂದ್ರಕ್ಕೆಂದು ಹೊರಟವರು ಆಲ್ಬನಿಯಲ್ಲಿ ಮುಷ್ಕರವೆಂದು ಕೇಳಿ ಅತ್ತ ತಿರುಗುತ್ತಾರೆ. ವಾಲ್ಟರ್ ಮುಂದೆ ಮುಂದೆ, ಹಿಲ್ಡಿ ಪೆಟ್ಟಿಗೆ ಹೊತ್ತು ಹಿಂದೆ ಹಿಂದೆ. ಬ್ರೂಸ್ ಮಾಡಿದ ತಪ್ಪೆಂದರೆ ಸಜ್ಜನನಾಗಿದ್ದುದು. ಇನ್ನು ಮಾಲಿ ಮಲ್ಲಾಯ್: ವಿಲಿಯಮ್ಸನಿಗೆ ಕರುಣೆ ತೋರಿದ ತಪ್ಪಿಗೆ ವರದಿಗಾರರ ಬಾಯಿಗೆ ಬಿದ್ದು, ಅವರ ಗಮನವನ್ನು ಬೇರೆಡೆಗೆ ಸೆಳೆಯಲು ಕಿಟಕಿಯಿಂದ ಹಾರುವ ಹೆಣ್ಣು. ಕಥೆ ಅವಳನ್ನು ಅಲ್ಲಿಯೇ ಬಿಟ್ಟು ಮುಂದಕ್ಕೆ ಓಡುತ್ತದೆ. ಈ ಕತ್ತಲೆ ನಾಟಕದ್ದೇ. ಚಿತ್ರದವರು ಅದನ್ನು ತೊಳೆದು ಬಿಳಿಮಾಡದೆ ಉಳಿಸಿಕೊಂಡರು ಎಂಬುದಕ್ಕೆ ನಾನು ಅವರನ್ನು ಗೌರವಿಸುತ್ತೇನೆ. ನೀವು ಆಡುವುದಾದರೆ ದಯವಿಟ್ಟು ಮಾಲಿಯ ಜಿಗಿತದ ಬಳಿಕ ಒಂದು ಕ್ಷಣ ನಗೆಯನ್ನು ನಿಲ್ಲಿಸಿ.

ವೇಗದ ಪ್ರಶ್ನೆಗೆ ಬರುತ್ತೇನೆ. ಅದರ ಮೂಲ ರಂಗಭೂಮಿಯೇ. ಒಂದೇ ಕೊಠಡಿಯಲ್ಲಿ ಹಲವು ಫೋನುಗಳು, ಒಂದೇ ಘಟನೆಯನ್ನು ಒಬ್ಬೊಬ್ಬನು ಒಂದೊಂದು ಬಗೆಯಾಗಿ ತನ್ನ ಕಚೇರಿಗೆ ಕೂಗಿ ಹೇಳುವುದು, ಒಂದರ ಮೇಲೊಂದು ಬೀಳುವ ದನಿಗಳು, ಇವು ಮೂಲ ಪಠ್ಯದಲ್ಲಿಯೇ ಇವೆ. ಹಾಕ್ಸ್ ಅದನ್ನು ಇನ್ನೂ ಬಿಗಿಗೊಳಿಸಿದ. 92 ನಿಮಿಷಗಳ ಚಿತ್ರದಲ್ಲಿ ಮಾತು ಕೆಲವೆಡೆ ನಿಮಿಷಕ್ಕೆ 240 ಪದಗಳನ್ನು ಮುಟ್ಟುತ್ತದೆಂದು ಲೆಕ್ಕ ಹಾಕಿದವರಿದ್ದಾರೆ. ಇದರ ಗುಟ್ಟನ್ನು ಹಾಕ್ಸ್ ತಾನೇ ವಿವರಿಸಿದ್ದಾನೆ: ಪ್ರತಿ ಮಾತಿನ ಮೊದಲಲ್ಲೂ ಕೊನೆಯಲ್ಲೂ ಕೇಳಿಸದಿದ್ದರೂ ನಷ್ಟವಿಲ್ಲದ ಕೆಲವು ಪದಗಳನ್ನು ಇಟ್ಟು ಬರೆಯುವುದು. ಎದುರಿನವನ ಮಾತು ಅವುಗಳ ಮೇಲೆ ಬೀಳುತ್ತದೆ, ನಡುವಿನ ತಿರುಳು ಉಳಿಯುತ್ತದೆ. ನಟರೂ ಸುಮ್ಮನಿರಲಿಲ್ಲ. ಗ್ರಾಂಟನಿಗೆ ಸರಿಸಾಟಿಯಾಗಿ ಮಾತು ಹೂಡಲು ರಸೆಲ್ ಗುಟ್ಟಾಗಿ ಒಬ್ಬ ಜಾಹೀರಾತು ಬರಹಗಾರನನ್ನು ನೇಮಿಸಿಕೊಂಡು ಚುರುಕು ಮಾತುಗಳನ್ನು ಬರೆಸಿಕೊಳ್ಳುತ್ತಿದ್ದುದನ್ನು ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ಈ ವೇಗವೇ ಪ್ರೇಮದ ಪುರಾವೆಯೂ ಹೌದು: ಹಿಲ್ಡಿ ಮತ್ತು ವಾಲ್ಟರ್ ಒಬ್ಬರ ವಾಕ್ಯ ಮುಗಿಯುವ ಮುನ್ನವೇ ಇನ್ನೊಬ್ಬರಿಗೆ ಅರ್ಥವಾಗಿರುತ್ತದೆ, ಬ್ರೂಸ್ ಮಾತ್ರ ಪ್ರತಿ ವಾಕ್ಯವನ್ನೂ ಮುಗಿಸಿಯೇ ನಿಲ್ಲಿಸುವ ಮನುಷ್ಯ.

ಕನ್ನಡದಲ್ಲಿ ಇದನ್ನು ತರುವಾಗ ಒಂದು ತೊಡಕು ಎದುರಾಗುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಬರ್ತೀನಿ’ಯೋ ‘ಬರೋದಿಲ್ಲ’ವೋ ಎಂಬುದು ತಿಳಿಯುವುದೇ ಆ ತುದಿಯಲ್ಲಿ. ಅದರ ಮೇಲೆ ಎದುರುಮಾತು ಬಿದ್ದರೆ ತಿರುಳೇ ಮುಳುಗಿಹೋಗುತ್ತದೆ. ಆದ್ದರಿಂದ ಅನುವಾದಿಸುವವರು ಕ್ರಿಯಾಪದವನ್ನು ಮುಂದಕ್ಕೆ ತಂದು, ‘ಬರೋದಿಲ್ಲ ನಾನು, ಎಷ್ಟು ಸಲ ಹೇಳ್ಲಿ ನಿಂಗೆ’ ಎಂಬ ಹಾಗೆ ಬಾಲಕ್ಕೆ ಮುಳುಗಬಹುದಾದ ಮಾತುಗಳನ್ನು ಕಟ್ಟಬೇಕು. ಮನೆಯ ಜಗಳಗಳಲ್ಲಿ ನಾವು ಹೀಗೆಯೇ ಮಾತಾಡುತ್ತೇವೆ. ಬರೆಯುವಾಗ ಮಾತ್ರ ಮರೆಯುತ್ತೇವೆ.

ಕೊನೆಯದಾಗಿ ಪಠ್ಯದ ವಿಚಾರ. 1928ರ ನಾಟಕದ ಹಕ್ಕಿನ ಅವಧಿ ಅಮೆರಿಕದಲ್ಲಿ 2024ರ ಜನವರಿ 1ಕ್ಕೆ ತೀರಿದೆ. ಮ್ಯಾಕ್‌ಆರ್ಥರ್ 1956ರಲ್ಲಿ, ಹೆಕ್ಟ್ 1964ರಲ್ಲಿ ತೀರಿಕೊಂಡದ್ದರಿಂದ, ಕೊನೆಯ ಲೇಖಕನ ಮರಣದ ಬಳಿಕ 60 ವರ್ಷವೆಂಬ ನಮ್ಮ ಕಾಯಿದೆಯ ಲೆಕ್ಕದಲ್ಲಿಯೂ ಅದು 2024ರ ಕೊನೆಗೆ ಮುಗಿಯಿತು. ಚಿತ್ರದ ಸಂಭಾಷಣೆಯನ್ನು ಹಾಗೆಯೇ ಎತ್ತಿಕೊಳ್ಳುವುದು ಬೇರೆ ಪ್ರಶ್ನೆ. ಅದಕ್ಕೆ ಮುನ್ನ ವಕೀಲರನ್ನು ಕೇಳಿ. ಚಿತ್ರ ಮತ್ತು ನಾಟಕ ಎರಡನ್ನೂ ಬೆರೆಸಿ ಜಾನ್ ಗ್ವೇರ್ ಮಾಡಿದ ರಂಗರೂಪವನ್ನು 2003ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ಆಡಿತು; ಅದಕ್ಕೆ ಅನುಮತಿ ಪಡೆಯಲೇಬೇಕು. ನನ್ನ ಸಲಹೆ ಹಳೆಯ ನಾಟಕವನ್ನೇ ಹಿಡಿದು, ಹಿಲ್ಡಿಯನ್ನು ನಿಮ್ಮ ತಂಡದ ಕಲಾವಿದೆಯೊಬ್ಬಳಿಗೆ ಕೊಟ್ಟು ಓದಿಸಿ ನೋಡಿ ಎಂಬುದು. ಆಗ ಇಂಗ್ಲಿಷಿನಲ್ಲಿ ಇಲ್ಲದ ಒಂದು ಸಲಕರಣೆ ನಿಮ್ಮ ಕೈಗೆ ಸಿಗುತ್ತದೆ. ಹಿಲ್ಡಿ ಮದುವೆಯಾಗಲಿರುವವನನ್ನು ‘ನೀವು’ ಎನ್ನಲಿ, ಬಿಟ್ಟುಬಂದ ಗಂಡನನ್ನು ‘ನೀನು’ ಎನ್ನಲಿ. ಚಿತ್ರದ ಕೊನೆಯ ಭಾಗದಲ್ಲಿ ವಾಲ್ಟರ್ ಫೋನಿನಲ್ಲಿ ಮುಖಪುಟವನ್ನೇ ಕಿತ್ತು ಹೊಸದಾಗಿ ಕಟ್ಟಿಸುತ್ತಿರುವಾಗ, ಹಿಲ್ಡಿ ತಲೆಯೆತ್ತದೆ ಟೈಪ್ ಮಾಡುತ್ತಿರುವಾಗ, ಬ್ರೂಸ್ ಒಂಬತ್ತು ಗಂಟೆಯ ರೈಲಿಗೆ ಹೋಗುತ್ತೇನೆಂದು ಹೇಳಿ ಕಾಯುತ್ತಾನೆ. ಆ ದೃಶ್ಯದಿಂದಲೇ ತಾಲೀಮು ಆರಂಭಿಸಿ: ಬೆರಳು ನಿಲ್ಲಿಸದೆ ಅವಳು ಒಬ್ಬನಿಗೆ ‘ಸ್ವಲ್ಪ ಕೂತಿರಿ’ ಎಂದು, ಅದೇ ಉಸಿರಿನಲ್ಲಿ ಇನ್ನೊಬ್ಬನಿಗೆ ‘ಸುಮ್ನಿರೋ’ ಎನ್ನಲಿ.